ಮನೆ ಕೊಳ್ಳುವಾಗ ಏಜೆಂಟ್ ಮಾತು, ಗೋಡೆ ಮಾತು

ಮನೆ ನೋಡೋಕೆ ಹೋದಾಗ ನಾವು ನಿಜವಾಗಿ ಏನು ನೋಡುತ್ತೇವೆ? ಹಾಲ್‌ಗೆ ಬೀಳುವ ಬೆಳಕು, ಅಡುಗೆಮನೆಯ ಕಪಾಟು, ನಮ್ಮ ಮಂಚ ಈ ರೂಮಿಗೆ ಹಿಡಿಯುತ್ತಾ ಅನ್ನೋ ಲೆಕ್ಕ. ಅಷ್ಟರಲ್ಲಿ ಇಪ್ಪತ್ತು ನಿಮಿಷ ಮುಗಿದಿರುತ್ತದೆ. ಒಂದು ಜೊತೆ ಚಪ್ಪಲಿ ಕೊಳ್ಳುವಾಗ ಕಾಲಿಗೆ ಹಾಕಿಕೊಂಡು ಅಂಗಡಿ ತುಂಬ ನಾಲ್ಕು ಸುತ್ತು ಹಾಕುತ್ತೇವೆ. ಮನೆಯನ್ನು ಮಾತ್ರ ಬಾಗಿಲಲ್ಲಿ ನಿಂತೇ ಒಪ್ಪಿಬಿಡುತ್ತೇವೆ.

ಆ ಇಪ್ಪತ್ತು ನಿಮಿಷ ನಮ್ಮ ಜೊತೆ ಯಾರ್ಯಾರು ಇರುತ್ತಾರೆ ಅಂತ ಸ್ವಲ್ಪ ಯೋಚಿಸಿ. ಮಾರುವವರಿಗೆ ಮನೆ ಮಾರಿಹೋಗಬೇಕು. ಏಜೆಂಟ್‌ಗೆ ವ್ಯಾಪಾರ ಕುದುರಿದರೆ ಮಾತ್ರ ಕಮಿಷನ್. ಸಾಲ ಕೊಡುವ ಬ್ಯಾಂಕಿನವರಿಗೆ ನೀವು ಸಾಲ ತೆಗೆದುಕೊಂಡರೆ ಲಾಭ. ಇವರು ಯಾರೂ ಕೆಟ್ಟವರಲ್ಲ. ಆದರೆ ನೀವು ‘ಹೂಂ’ ಅಂದರೆ ಮಾತ್ರ ಇವರ ಕೈಗೆ ದುಡ್ಡು ಬರುತ್ತದೆ. ನೀವು ‘ಬೇಡ’ ಅಂದರೂ ದುಡ್ಡು ಸಿಗುವ ಒಬ್ಬರೇ ಒಬ್ಬರು ಅಂದರೆ ನೀವೇ ನೇಮಿಸಿಕೊಂಡ ತಪಾಸಕರು, ಅಂದರೆ ಹೋಮ್ ಇನ್‌ಸ್ಪೆಕ್ಟರ್. ಏಜೆಂಟ್ ಜೊತೆ ಹೇಗೆ ನಡೆದುಕೊಳ್ಳಬೇಕು, ತಪಾಸಣೆ ಯಾಕೆ ಬೇಕು ಅನ್ನೋದೆಲ್ಲ ಈ ವ್ಯತ್ಯಾಸದಿಂದಲೇ ಅರ್ಥವಾಗುತ್ತದೆ.

ಏಜೆಂಟ್‌ಗೆ ಬೇಕಾಗಿರೋದು ಬೆಲೆಯಲ್ಲ, ವೇಗ

ಏಜೆಂಟ್‌ಗಳು ಬೇಕಂತಲೇ ಬೆಲೆ ಏರಿಸುತ್ತಾರೆ ಅನ್ನೋ ಮಾತು ಎಲ್ಲ ಕಡೆ ಕೇಳುತ್ತೇವೆ. ಲೆಕ್ಕ ಹಾಕಿ ನೋಡಿದರೆ ವಿಷಯ ಬೇರೆಯೇ ಇದೆ.

ಮನೆಯ ಬೆಲೆ 100 ಅಂತ ಇಟ್ಟುಕೊಳ್ಳಿ. ಏಜೆಂಟ್‌ಗೆ ಶೇ. 2 ಕಮಿಷನ್, ಅದರಲ್ಲಿ ಅರ್ಧ ಅವರ ಆಫೀಸಿಗೆ ಹೋಯಿತು ಅಂದುಕೊಳ್ಳೋಣ. ಅವರ ಕೈಗೆ ಬರೋದು 1. ಇನ್ನೂ ಒಂದು ತಿಂಗಳು ಕಾದು, ಹತ್ತಾರು ಜನರಿಗೆ ಮನೆ ತೋರಿಸಿ, 103ಕ್ಕೆ ಮಾರಿದರೆ ಮಾಲೀಕರಿಗೆ ಹೆಚ್ಚು ಕಡಿಮೆ 3 ಜಾಸ್ತಿ. ಏಜೆಂಟ್‌ಗೆ ಜಾಸ್ತಿ ಸಿಕ್ಕಿದ್ದು 0.03. ಅಷ್ಟಕ್ಕಾಗಿ ಯಾರು ಒಂದು ತಿಂಗಳು ಅಲೆಯುತ್ತಾರೆ? ಬಂದ ಗಿರಾಕಿಗೆ ಕೊಟ್ಟು ಮುಂದಿನ ಮನೆ ಹಿಡಿಯೋದೇ ಅವರಿಗೆ ಲಾಭ.

ಇದು ಬರೀ ಊಹೆಯಲ್ಲ. ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್‌ಸನ್ ಅನ್ನೋ ಅರ್ಥಶಾಸ್ತ್ರಜ್ಞರು ಅಮೆರಿಕದ ಶಿಕಾಗೊ ಸುತ್ತಮುತ್ತ ಮಾರಾಟವಾದ ಸುಮಾರು 1 ಲಕ್ಷ ಮನೆಗಳ ಲೆಕ್ಕ ತೆಗೆದು, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಏಜೆಂಟ್‌ಗಳು ತಮ್ಮ ಸ್ವಂತ ಮನೆ ಮಾರಿದಾಗ ಏನಾಯಿತು? ಗಿರಾಕಿಗಳ ಅಂಥದ್ದೇ ಮನೆಗಿಂತ ಸರಾಸರಿ ಒಂಬತ್ತೂವರೆ ದಿನ ಜಾಸ್ತಿ ಕಾದರು. ಬೆಲೆ ಸುಮಾರು ಶೇ. 3.7ರಷ್ಟು ಹೆಚ್ಚು ಸಿಕ್ಕಿತು. ತಮ್ಮದಾದಾಗ ತಾಳ್ಮೆ ತಾನಾಗಿಯೇ ಬಂತು, ಅಷ್ಟೇ.

ಕೊಳ್ಳುವವರ ಕಡೆಯ ಏಜೆಂಟ್‌ಗೂ ಇದೇ ಲೆಕ್ಕ. ನೀವು 3 ಚೌಕಾಸಿ ಮಾಡಿ ಇಳಿಸಿದರೆ ಅವರು ಕಳೆದುಕೊಳ್ಳೋದು 0.03. ಹಾಗಾಗಿ ಬೆಲೆ ಇಳಿಸೋಕೆ ಅವರು ಖುಷಿಯಾಗೇ ಸಹಾಯ ಮಾಡಬಹುದು. ಆದರೆ ನೀವು ಮನೆ ಬಿಟ್ಟು ಎದ್ದು ಹೋದರೆ ಆ 1 ಪೂರ್ತಿ ಹೋಯಿತು. ಆದ್ದರಿಂದ ಏಜೆಂಟ್ ಮಾತನ್ನು ಬೆಲೆಯ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ನಂಬಬಹುದು. ‘ಇವತ್ತೇ ಅಡ್ವಾನ್ಸ್ ಕೊಡಿ’, ‘ಇನ್ನಿಬ್ಬರು ಕಾಯ್ತಾ ಇದ್ದಾರೆ’, ‘ತಪಾಸಣೆ ಎಲ್ಲ ಯಾಕೆ, ಮನೆ ಗಟ್ಟಿಯಾಗೇ ಇದೆಯಲ್ಲ’ ಅನ್ನೋ ಮಾತುಗಳು ಬಂದಾಗ ಮಾತ್ರ ಕಿವಿ ನೆಟ್ಟಗಾಗಬೇಕು. ಇನ್ನಿಬ್ಬರು ನಿಜವಾಗಿಯೂ ಇರಬಹುದು. ಇದ್ದರೂ ಆತುರ ಅವರದ್ದು, ನಿಮ್ಮದಲ್ಲ.

ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಒಂದಿದೆ, ಕೇಳೋಕೆ ಸಂಕೋಚ ಬೇಡ: ‘ಈ ವ್ಯಾಪಾರದಲ್ಲಿ ನೀವು ಯಾರ ಕಡೆ?’ ಮಾರುವವರ ಕಡೆಯೋ, ನಮ್ಮ ಕಡೆಯೋ, ಎರಡೂ ಕಡೆಯೋ? ಎರಡೂ ಕಡೆ ಕೆಲಸ ಮಾಡೋಕೆ ಕೆಲವು ಕಡೆ ಕಾನೂನೇ ಬಿಡೋದಿಲ್ಲ, ಕೆಲವು ಕಡೆ ಇಬ್ಬರಿಗೂ ತಿಳಿಸಿ ಮಾಡಬಹುದು. ಮಾರುವವರ ಕಡೆಯವರು ಅಂತಾದರೆ, ‘ನಮ್ಮ ಕೈಲಿ ಇಷ್ಟರವರೆಗೂ ಆಗುತ್ತೆ’ ಅನ್ನೋ ಮಾತು ನಿಮ್ಮ ಬಾಯಿಂದ ಹೊರಗೆ ಬೀಳಬಾರದು. ಆ ಅಂಕಿ ಸಂಜೆಯೊಳಗೆ ಮಾಲೀಕರಿಗೆ ತಲುಪಿರುತ್ತದೆ. ತಪ್ಪಿಲ್ಲ ಬಿಡಿ, ಅದು ಅವರ ಕೆಲಸ.

ಇನ್ನು ಕಮಿಷನ್ ಎಷ್ಟು, ಯಾರು ಕೊಡಬೇಕು, ಯಾವಾಗ ಕೊಡಬೇಕು, ಒಪ್ಪಂದ ಎಷ್ಟು ತಿಂಗಳದ್ದು, ಮಧ್ಯದಲ್ಲಿ ಬಿಡಬಹುದಾ, ಮನೆ ನೀವೇ ಹುಡುಕಿಕೊಂಡರೂ ಅವರಿಗೆ ದುಡ್ಡು ಕೊಡಬೇಕಾ? ಇವೆಲ್ಲ ಬರವಣಿಗೆಯಲ್ಲಿ ಇರಲಿ. ಬಾಯಿಮಾತಿನ ಕಮಿಷನ್‌ನಿಂದ ಹಾಳಾದ ಸಂಬಂಧಗಳು ಕಮ್ಮಿಯೇನಲ್ಲ.

ಒಳ್ಳೆಯ ಏಜೆಂಟ್‌ನನ್ನು ಗುರುತಿಸೋದು ಹೇಗೆ ಅಂತ ಕೇಳಿದರೆ ನಾನು ನೋಡೋದು ಒಂದೇ. ನಾಲ್ಕಾರು ಮನೆ ತೋರಿಸಿದ ಮೇಲೆ, ಅದರಲ್ಲಿ ಒಂದನ್ನಾದರೂ ‘ಇದು ನಿಮಗೆ ಬೇಡ’ ಅಂದರಾ? ಅಂದರೆ ಅವರನ್ನು ಬಿಡಬೇಡಿ. ಅಂಥವರಿಂದ ಸಿಗುವ ಮಾಹಿತಿ ಬೇರೆಲ್ಲೂ ಸಿಗೋದಿಲ್ಲ: ಈ ಮನೆ ಎಷ್ಟು ದಿನದಿಂದ ಮಾರಾಟಕ್ಕಿದೆ, ಮೊದಲು ಒಪ್ಪಿದ್ದವರು ಯಾಕೆ ಬಿಟ್ಟು ಹೋದರು, ಮಾಲೀಕರಿಗೆ ದುಡ್ಡಿನ ಅವಸರವೋ ಮನೆ ಖಾಲಿ ಮಾಡುವ ಅವಸರವೋ. ಹಿಂದೆ ಯಾರೋ ತಪಾಸಣೆ ಮಾಡಿಸಿ ಹಿಂದೆ ಸರಿದಿದ್ದಾರೆ ಅಂತ ಗೊತ್ತಾದರೆ, ಆ ರಿಪೋರ್ಟ್ ನೋಡಬಹುದಾ ಅಂತಲೂ ಕೇಳಿ.

ತಪಾಸಣೆ ಅಂದರೆ ಏನು, ಏನಲ್ಲ

ಬ್ಯಾಂಕಿನವರು ಬಂದು ಮನೆ ನೋಡಿ ಹೋಗುತ್ತಾರಲ್ಲ, ಅದು ತಪಾಸಣೆಯಲ್ಲ. ಕೊಟ್ಟ ಸಾಲ ವಾಪಸ್ ಬರದಿದ್ದರೆ ಈ ಮನೆ ಮಾರಿದರೆ ಎಷ್ಟು ಸಿಗುತ್ತದೆ ಅನ್ನೋದು ಅವರ ಲೆಕ್ಕ. ಬಾತ್‌ರೂಮಿನ ಕೆಳಗೆ ನೀರು ಜಿನುಗುತ್ತಿದೆಯಾ ಅಂತ ಅವರು ಬಗ್ಗಿ ನೋಡಲ್ಲ.

ತಪಾಸಕರು ಸಾಮಾನ್ಯವಾಗಿ ಎರಡು ಮೂರು ಗಂಟೆ ಮನೆಯಲ್ಲಿರುತ್ತಾರೆ. ಛಾವಣಿ, ಗೋಡೆ, ಪಾಯ, ನೀರಿನ ಪೈಪು, ಮೋರಿ, ವಿದ್ಯುತ್, ಬಾಗಿಲು, ಕಿಟಕಿ ಎಲ್ಲವನ್ನೂ ನೋಡಿ ಫೋಟೊ ಸಮೇತ ರಿಪೋರ್ಟ್ ಕೊಡುತ್ತಾರೆ. ಆದರೆ ಅದು ಕಣ್ಣಿಗೆ ಕಾಣುವುದರ ತಪಾಸಣೆ. ಗೋಡೆ ಒಡೆಯೋದಿಲ್ಲ, ಟೈಲ್ಸ್ ಕೀಳೋದಿಲ್ಲ, ಬೀರು ಸರಿಸೋದಿಲ್ಲ. ಬೀಗ ಹಾಕಿದ ರೂಮನ್ನು ‘ನೋಡಲಾಗಲಿಲ್ಲ’ ಅಂತ ಬರೆದು ಮುಂದೆ ಹೋಗುತ್ತಾರೆ. ಈ ‘ನೋಡಲಾಗಲಿಲ್ಲ’ ಪಟ್ಟಿಯನ್ನು ಹೆಚ್ಚಿನವರು ಓದೋದೇ ಇಲ್ಲ. ನಾನಾದರೆ ಮೊದಲು ಅದನ್ನೇ ಓದುತ್ತೇನೆ.

ತಪಾಸಕರನ್ನು ಹುಡುಕುವಾಗ ಒಂದು ಎಚ್ಚರ. ಏಜೆಂಟ್ ‘ನಮ್ಮವರೇ ಒಬ್ಬರಿದ್ದಾರೆ’ ಅಂತ ನಂಬರ್ ಕೊಡುತ್ತಾರೆ. ಆ ತಪಾಸಕರು ನಿಜಕ್ಕೂ ಒಳ್ಳೆಯವರಿರಬಹುದು. ಆದರೆ ಅವರ ಮುಂದಿನ ತಿಂಗಳ ಕೆಲಸ ಎಲ್ಲಿಂದ ಬರಬೇಕು? ಅದೇ ಏಜೆಂಟ್‌ನಿಂದ. ಎರಡು ವ್ಯಾಪಾರ ಮುರಿದುಬಿದ್ದರೆ ಮೂರನೆಯ ಸಲ ಫೋನ್ ಬರಲ್ಲ. ಆದ್ದರಿಂದ ಸ್ವಂತವಾಗಿ ಹುಡುಕಿ. ಹಿಂದೆ ಬರೆದ ಒಂದು ರಿಪೋರ್ಟನ್ನು ಹೆಸರು, ವಿಳಾಸ ಅಳಿಸಿ ಕಳಿಸಿ ಅನ್ನಿ. ‘ಗೋಡೆಯಲ್ಲಿ ತೇವ ಇದೆ, ತಜ್ಞರಿಗೆ ತೋರಿಸಿ’ ಅಂತ ಪ್ರತಿ ಪುಟದಲ್ಲೂ ಬರೆದಿದ್ದರೆ ಅದು ಬರೀ ತಪ್ಪಿಸಿಕೊಳ್ಳುವ ಬರವಣಿಗೆ. ಎಲ್ಲಿ, ಎಷ್ಟು ಎತ್ತರಕ್ಕೆ, ಎಲ್ಲಿಂದ ಬರುತ್ತಿರಬಹುದು ಅಂತ ಬರೆದಿದ್ದರೆ ಕೆಲಸ ಗೊತ್ತಿರುವವರು. ಅವರ ಒಪ್ಪಂದವನ್ನೂ ಓದಿ. ಏನಾದರೂ ತಪ್ಪಿಹೋದರೆ ತಮ್ಮ ಹೊಣೆ ಫೀಸಿನಷ್ಟಕ್ಕೆ ಮಾತ್ರ ಅಂತ ಅನೇಕರು ಬರೆದಿರುತ್ತಾರೆ. ‘ರಿಪೇರಿನೂ ನಾನೇ ಮಾಡಿಕೊಡ್ತೀನಿ’ ಅನ್ನುವವರು ಬೇಡವೇ ಬೇಡ. ಆಗ ಅವರಿಗೂ ದೋಷ ಕಂಡರೇ ಲಾಭ.

ತಪಾಸಣೆ ಮಾಡುವಾಗ ನೀವೂ ಜೊತೆಗಿರಿ. ರಿಪೋರ್ಟಿನ ಐವತ್ತು ಪುಟ ಹೇಳದ್ದನ್ನು ಅವರ ಮುಖ ಹೇಳುತ್ತದೆ. ಒಮ್ಮೆ ನಾನು ನೋಡಿದ ಮನೆಯೊಂದರಲ್ಲಿ ಹಾಲ್ ಗೋಡೆ ಹೊಸ ಬಿಳಿ ಬಣ್ಣದಲ್ಲಿ ಹೊಳೆಯುತ್ತಿತ್ತು. ತಪಾಸಕರು ಕಿಟಕಿ ಪರದೆ ಎಳೆದು ಕತ್ತಲು ಮಾಡಿದರು. ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು, ಗೋಡೆಯ ಉದ್ದಕ್ಕೂ ಬೆಳಕು ಹರಿಯುವ ಹಾಗೆ ಹಾಯಿಸಿದರು. ಎದುರಿನಿಂದ ಕನ್ನಡಿಯ ಹಾಗಿದ್ದ ಗೋಡೆಯಲ್ಲಿ ನೆಲದಿಂದ ಮೊಣಕಾಲೆತ್ತರಕ್ಕೆ ಒಂದು ಉದ್ದನೆಯ ತೇಪೆ ಎದ್ದು ಕಾಣಿಸಿತು, ಅದರ ಮೇಲೆ ಸಣ್ಣ ಸಣ್ಣ ಗುಳ್ಳೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನೋದು ಅವತ್ತು ನನಗೆ ಸರಿಯಾಗಿ ಅರ್ಥವಾಯಿತು. ಇಡೀ ಮನೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಇದ್ದರೆ, ಯಾಕೆ ಅಂತ ಕೇಳಲೇಬೇಕು.

ನೀರು ಎಲ್ಲಿಂದ ಬಂತು?

ಮನೆ ಹಾಳಾಗೋಕೆ ನೀರಿಗಿಂತ ದೊಡ್ಡ ಕಾರಣ ಇಲ್ಲ. ತೇವ ಕಂಡರೆ ಸಾಲದು, ಮೂಲ ಗೊತ್ತಾಗಬೇಕು. ಯಾಕೆಂದರೆ ರಿಪೇರಿಯ ಖರ್ಚು ಅದರ ಮೇಲೇ ನಿಂತಿದೆ.

ನೆಲದಿಂದ ಮೇಲಕ್ಕೆ ಏರುವ ತೇವ ಸಾಮಾನ್ಯವಾಗಿ ಒಂದು ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಟ್ಟಿಗೆಯ ಸಣ್ಣ ರಂಧ್ರಗಳ ಮೂಲಕ ನೀರು ಏರುತ್ತಾ, ಮಣ್ಣಿನ ಮತ್ತು ಇಟ್ಟಿಗೆಯ ಲವಣವನ್ನೂ ಹೊತ್ತು ತರುತ್ತದೆ. ನೀರು ಆರಿಹೋದ ಜಾಗದಲ್ಲಿ ಲವಣ ಬಿಳಿ ಪುಡಿಯಾಗಿ ಉಳಿಯುತ್ತದೆ, ಗೋಡೆಯಲ್ಲಿ ಅಲೆಯಂಥ ಗೆರೆ ಮೂಡುತ್ತದೆ. ತಲೆಯೆತ್ತರದಲ್ಲೋ ಸೂರಿನಲ್ಲೋ ಕಲೆ ಇದ್ದರೆ ಕಥೆ ಬೇರೆ: ಮೇಲಿನ ಬಾತ್‌ರೂಮು, ತಾರಸಿ, ಇಲ್ಲವೇ ಹೊರಗೋಡೆಯ ಬಿರುಕು. ಮೂಲೆಯಲ್ಲಿ, ಬೀರುವಿನ ಹಿಂದೆ ಕಪ್ಪು ಚುಕ್ಕಿಯ ಬೂಷ್ಟು ಇದ್ದರೆ ಅದು ಸೋರಿಕೆಯೇ ಆಗಬೇಕಂತಿಲ್ಲ. ಸ್ನಾನದ, ಅಡುಗೆಯ ಹಬೆ ತಣ್ಣಗಿನ ಗೋಡೆಗೆ ತಾಗಿ ನೀರಾಗಿರಬಹುದು. ಮೊದಲನೆಯದಕ್ಕೆ ಗೋಡೆಯ ಬುಡಕ್ಕೇ ಕೈ ಹಾಕಬೇಕು. ಕೊನೆಯದಕ್ಕೆ ಒಂದು ಎಕ್ಸಾಸ್ಟ್ ಫ್ಯಾನ್ ಸಾಕಾಗಬಹುದು.

ತಪಾಸಕರ ಕೈಯಲ್ಲಿರುವ ತೇವದ ಮೀಟರನ್ನು ನೋಡಿ ಗಾಬರಿಯಾಗಬೇಡಿ. ಎರಡು ಮುಳ್ಳುಗಳ ನಡುವೆ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅದು ನೋಡುತ್ತದೆ ಅಷ್ಟೇ. ಗೋಡೆಯಲ್ಲಿ ಲವಣ ಇದ್ದರೆ, ಹಿಂದೆ ಲೋಹ ಇದ್ದರೆ ಒಣಗಿದ ಗೋಡೆಯನ್ನೂ ‘ಒದ್ದೆ’ ಅನ್ನುತ್ತದೆ. ಥರ್ಮಲ್ ಕ್ಯಾಮೆರಾವೂ ಹಾಗೆಯೇ. ಅದು ತೋರಿಸೋದು ಉಷ್ಣತೆಯ ವ್ಯತ್ಯಾಸವನ್ನು, ನೀರನ್ನಲ್ಲ. ಒದ್ದೆ ಜಾಗ ಆರುವಾಗ ತಣ್ಣಗಾಗುತ್ತದೆ, ಅದಕ್ಕೇ ಬೇರೆ ಬಣ್ಣದಲ್ಲಿ ಕಾಣುತ್ತದೆ. ಹಲವು ವಾರ ಮಳೆಯೇ ಬಿದ್ದಿಲ್ಲ ಅಂದರೆ ಸೋರುವ ತಾರಸಿಯೂ ಅದರ ಮುಂದೆ ಪಾಸಾಗಿಬಿಡುತ್ತದೆ. ಸಾಧ್ಯವಾದರೆ ಮಳೆ ಬಂದ ಮರುದಿನವೇ ಮನೆ ನೋಡಿ.

ಮೋರಿ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಸಿಂಕ್, ವಾಶ್‌ಬೇಸಿನ್ ಎಲ್ಲದರಲ್ಲೂ ನೀರು ತುಂಬಿಸಿ, ಎಲ್ಲ ಒಟ್ಟಿಗೆ ಬಿಡಿ. ಅದೇ ಹೊತ್ತಿಗೆ ಫ್ಲಶ್ ಮಾಡಿ. ಬಾತ್‌ರೂಮಿನ ಜಾಲರಿಯಿಂದ ಗುಳುಗುಳು ಸದ್ದು ಬಂದರೆ, ನೀರು ಮೇಲಕ್ಕೆ ಉಕ್ಕಿದರೆ ಪೈಪು ಎಲ್ಲೋ ಕಟ್ಟಿದೆ, ಇಲ್ಲವೇ ಗಾಳಿ ಹೋಗುವ ಪೈಪು ಸರಿಯಿಲ್ಲ. ಹಳೆಯ ಮನೆಯಾದರೆ ಮೋರಿ ಪೈಪಿನೊಳಗೆ ಕ್ಯಾಮೆರಾ ಬಿಡಿಸೋದು ಒಳ್ಳೆಯದು. ಮರದ ಬೇರು ಪೈಪಿನೊಳಗೆ ನುಗ್ಗಿದ್ದು ಇನ್ಯಾವುದರಲ್ಲೂ ಗೊತ್ತಾಗಲ್ಲ.

ಬಿರುಕು: ಎಲ್ಲಕ್ಕೂ ಹೆದರಬೇಡಿ

ಬಿರುಕಿಲ್ಲದ ಮನೆ ಇಲ್ಲ. ಪ್ಲಾಸ್ಟರ್ ಒಣಗುವಾಗ ಕುಗ್ಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಅದಕ್ಕೆ ಬಣ್ಣವೇ ಮದ್ದು. ಬ್ರಿಟನ್ನಿನ ಬಿಲ್ಡಿಂಗ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್ ಮಾಡಿದ ಒಂದು ಅಳತೆ ಎಂಜಿನಿಯರುಗಳ ನಡುವೆ ಬಳಕೆಯಲ್ಲಿದೆ. ಅದರ ಪ್ರಕಾರ 1 ಮಿಲಿಮೀಟರ್‌ವರೆಗಿನ ಬಿರುಕು ಬಣ್ಣ ಬಳಿಯುವಾಗ ಮುಚ್ಚಿಹೋಗುವಂಥದ್ದು. 5 ಮಿಲಿಮೀಟರ್‌ವರೆಗೆ ತುಂಬಿಸಿದರೆ ಸಾಕು. 5ರಿಂದ 15 ಆದರೆ ಬಾಗಿಲು ಕಿಟಕಿ ಸಿಕ್ಕಿಕೊಳ್ಳುತ್ತವೆ, ಗೋಡೆಯನ್ನು ಸ್ವಲ್ಪ ಬಿಚ್ಚಿ ಕಟ್ಟಬೇಕಾಗಬಹುದು. 25 ದಾಟಿದರೆ ಕಟ್ಟಡ ನಿಲ್ಲುವುದೇ ಅನುಮಾನ.

ಅಗಲದಷ್ಟೇ ಮುಖ್ಯವಾದದ್ದು ದಿಕ್ಕು. ಇಟ್ಟಿಗೆ ಸಾಲಿನ ಉದ್ದಕ್ಕೂ ಮೆಟ್ಟಿಲಿನ ಹಾಗೆ ಏರುವ ಬಿರುಕು, ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು ಒಂದು ತುದಿಯಲ್ಲಿ ಅಗಲವಾಗುವ ಬಿರುಕು: ಇವು ಪಾಯದ ಒಂದು ಭಾಗ ಕುಸಿದಿರಬಹುದು ಅನ್ನೋದರ ಗುರುತು. ಇದಕ್ಕೆ ತಪಾಸಕರು ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ಅವರು ಕೇಳುವ ಮೊದಲ ಪ್ರಶ್ನೆ, ‘ಇದು ಇನ್ನೂ ಬೆಳೀತಾ ಇದೆಯಾ, ನಿಂತಿದೆಯಾ?’ ಹತ್ತು ವರ್ಷದ ಹಿಂದೆ ಬಿಟ್ಟು ಹಾಗೇ ನಿಂತ ದೊಡ್ಡ ಬಿರುಕಿಗಿಂತ, ಈಗ ಬೆಳೆಯುತ್ತಿರುವ ಸಣ್ಣ ಬಿರುಕು ಅಪಾಯ.

ಕಾಂಕ್ರೀಟ್ ಮನೆಗಳಲ್ಲಿ ಇನ್ನೊಂದು ಕಾಯಿಲೆ ಇದೆ. ಸೂರಿನಿಂದ ಕಾಂಕ್ರೀಟಿನ ಚೂರು ಉದುರಿ, ಒಳಗಿನ ತುಕ್ಕು ಹಿಡಿದ ಸರಳು ಕಾಣುತ್ತದೆ. ಹೊಸ ಕಾಂಕ್ರೀಟ್ ಬಹಳ ಕ್ಷಾರ, ಅದರ ಪಿಎಚ್ 12ಕ್ಕೂ ಮೇಲೆ. ಆ ಕ್ಷಾರವೇ ಸರಳಿನ ಮೇಲೆ ತೆಳುವಾದ ಪದರ ಕಟ್ಟಿ ತುಕ್ಕು ತಡೆಯುತ್ತದೆ. ವರ್ಷಗಳು ಹೋದ ಹಾಗೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳಗಿಳಿದು ಆ ಕ್ಷಾರವನ್ನು ತಿಂದುಹಾಕುತ್ತದೆ. ಅದು ಸರಳಿನವರೆಗೆ ಮುಟ್ಟಿದ ಮೇಲೆ, ನೀರು ಮತ್ತು ಗಾಳಿ ಸಿಕ್ಕರೆ ಸಾಕು, ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಸ್ತಿ ಜಾಗ ಕೇಳುತ್ತದೆ, ಒಳಗಿನಿಂದ ತಳ್ಳುತ್ತದೆ, ಕಾಂಕ್ರೀಟ್ ಸಿಡಿಯುತ್ತದೆ. ಇದರ ಮೇಲೆ ಸುಮ್ನೆ ಸಿಮೆಂಟ್ ಮೆತ್ತಿ ಬಣ್ಣ ಬಳಿದರೆ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಸರಳಿನ ತುಕ್ಕು ಕೆರೆದು, ನೀರು ಬರುವ ದಾರಿ ಮುಚ್ಚಿ, ಆಮೇಲೆ ತುಂಬಿಸಬೇಕು. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಕಾಂಕ್ರೀಟ್ ಆಗಲೇ ಬಿಟ್ಟುಕೊಂಡಿದೆ. ಟೈಲ್ಸನ್ನೂ ಹೀಗೆಯೇ ಒಂದು ನಾಣ್ಯದಿಂದ ತಟ್ಟಿ ನೋಡಬಹುದು.

ವಿದ್ಯುತ್ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೇನ್ ಬೋರ್ಡಿನಲ್ಲಿ ಆರ್‌ಸಿಡಿ, ಅಂದರೆ ಕರೆಂಟ್ ಸೋರಿದರೆ ತಾನಾಗಿಯೇ ಬೀಳುವ ಸ್ವಿಚ್, ಇದೆಯಾ ನೋಡಿ. ಪ್ರಾಣ ಉಳಿಸೋಕೆ ಅಂತ ಹಾಕುವ ಆರ್‌ಸಿಡಿ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಯಾದರೆ ಕರೆಂಟ್ ಕಡಿಯುವಂಥದ್ದು. ಅದರ ಮೇಲೆ ಟೆಸ್ಟ್ ಬಟನ್ ಇರುತ್ತದೆ, ಒತ್ತಿದರೆ ಟಕ್ ಅಂತ ಬೀಳಬೇಕು. ಪ್ಲಗ್ ಸುತ್ತ ಕಂದು ಕಲೆ, ಸುಟ್ಟ ವಾಸನೆ ಇದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸದೆ ಮುಂದೆ ಹೋಗಬೇಡಿ. ಗೆದ್ದಲಿಗೆ ಗೋಡೆ ಬುಡದಲ್ಲಿ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ ಹುಡುಕಿ. ಹಳೆಯ ಮನೆಯಲ್ಲಿ ಆಸ್ಬೆಸ್ಟಾಸ್, ಸೀಸದ ಬಣ್ಣ ಇರಬಹುದು, ಅವುಗಳ ಪರೀಕ್ಷೆ ಲ್ಯಾಬಿನಲ್ಲೇ ಆಗಬೇಕು. ಕೆಲವು ಪ್ರದೇಶಗಳಲ್ಲಿ ನೆಲದಿಂದ ರೇಡಾನ್ ಅನ್ನೋ ಬಣ್ಣ ವಾಸನೆ ಇಲ್ಲದ, ವಿಕಿರಣ ಸೂಸುವ ಅನಿಲ ಬರುತ್ತದೆ. ಶ್ವಾಸಕೋಶದ ಕ್ಯಾನ್ಸರ್‌ಗೆ ಅದೂ ಒಂದು ಕಾರಣ. ವಿಶ್ವ ಆರೋಗ್ಯ ಸಂಸ್ಥೆ ಅದರ ಮಟ್ಟಕ್ಕೆ ಪ್ರತಿ ಘನ ಮೀಟರಿಗೆ 100 ಬೆಕೆರೆಲ್ (ವಿಕಿರಣ ಅಳೆಯುವ ಮಾನ) ಅನ್ನೋ ಮಿತಿಯನ್ನು ಸೂಚಿಸಿದೆ. ಇವೆಲ್ಲ ಮಾಮೂಲಿ ತಪಾಸಣೆಯಲ್ಲಿ ಸೇರಿರಲ್ಲ, ಬೇಕು ಅಂದರೆ ಬೇರೆ ಹೇಳಬೇಕು.

ರಿಪೋರ್ಟ್ ಕೈಗೆ ಬಂದ ಮೇಲೆ

ರಿಪೋರ್ಟ್ ತೆರೆದ ತಕ್ಷಣ ಎದೆ ಧಸಕ್ಕೆನ್ನುತ್ತದೆ. ಅರವತ್ತು ದೋಷ! ಅದರಲ್ಲಿ ಸಡಿಲ ಹಿಡಿಕೆಯೂ ಒಂದು, ಕುಸಿಯುತ್ತಿರುವ ಪಾಯವೂ ಒಂದು, ಎರಡಕ್ಕೂ ಒಂದೇ ಗಾತ್ರದ ಅಕ್ಷರ. ರಿಪೋರ್ಟಿಗೆ ಪಾಸು ಫೇಲು ಅಂತ ಇಲ್ಲ. ಅದಕ್ಕೇ ತಪಾಸಕರಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ‘ಇದು ನಿಮ್ಮ ಮನೆ ಆಗಿದ್ದರೆ ಮೊದಲು ಯಾವುದಕ್ಕೆ ಕೈ ಹಾಕ್ತಿದ್ರಿ?’ ಮತ್ತು ‘ಯಾವುದನ್ನು ಐದು ವರ್ಷ ಹಾಗೇ ಬಿಡ್ತಿದ್ರಿ?’ ಮನೆ ಕೊಳ್ಳಬೇಕಾ ಬೇಡವಾ ಅಂತ ಕೇಳಬೇಡಿ, ಒಳ್ಳೆಯ ತಪಾಸಕರು ಅದಕ್ಕೆ ಉತ್ತರ ಕೊಡಲ್ಲ.

ದೊಡ್ಡ ದೋಷಗಳಿಗೆ ಆಯಾ ಕೆಲಸದವರಿಂದ ಖರ್ಚಿನ ಅಂದಾಜು ಬರೆಸಿಕೊಳ್ಳಿ. ಮಾರುವವರ ಮುಂದೆ ಇಡಬೇಕಾಗಿರೋದು ಆ ಕಾಗದವನ್ನು, ಅರವತ್ತು ದೋಷದ ಪಟ್ಟಿಯನ್ನಲ್ಲ. ಸಡಿಲ ಹಿಡಿಕೆಯನ್ನೂ ಸೇರಿಸಿ ಜಗ್ಗಾಡಿದರೆ ಪಾಯದ ಮಾತು ಹಗುರವಾಗುತ್ತದೆ. ‘ನಾವೇ ರಿಪೇರಿ ಮಾಡಿಸಿ ಕೊಡ್ತೀವಿ’ ಅಂದರೆ ನಾನಾಗಿದ್ದರೆ ಒಪ್ಪಲ್ಲ, ಬೆಲೆ ಇಳಿಸಿ ಅನ್ನುತ್ತೇನೆ. ಬಿಟ್ಟು ಹೋಗುವ ಮನೆಗೆ ಯಾರೂ ಒಳ್ಳೆಯ ಮೇಸ್ತ್ರಿಯನ್ನು ಕರೆಸಲ್ಲ, ಅಲ್ವಾ? ಒಪ್ಪಲೇಬೇಕಾದರೆ ಬಿಲ್ಲು ಕೇಳಿ, ತಪಾಸಕರನ್ನು ಇನ್ನೊಮ್ಮೆ ಕಳಿಸಿ.

ಇದೆಲ್ಲ ನಡೆಯಬೇಕಾದರೆ ಕರಾರಿನಲ್ಲಿ ಮೊದಲೇ ಒಂದು ಷರತ್ತು ಇರಬೇಕು: ಇಷ್ಟು ದಿನದೊಳಗೆ ತಪಾಸಣೆ ಮಾಡಿಸುತ್ತೇವೆ, ದೊಡ್ಡ ದೋಷ ಕಂಡರೆ ಅಡ್ವಾನ್ಸ್ ವಾಪಸ್ ಪಡೆದು ಹಿಂದೆ ಸರಿಯಬಹುದು. ಆ ಸಾಲು ಇಲ್ಲದೆ ಅಡ್ವಾನ್ಸ್ ಕೊಟ್ಟರೆ ರಿಪೋರ್ಟ್ ಬರೀ ಓದೋಕೆ. ಅದರ ಪದಗಳನ್ನು ಏಜೆಂಟ್ ಅಲ್ಲ, ವಕೀಲರು ನೋಡಲಿ. ಹೊಸ ಮನೆಗೂ ಇದು ಬೇಕು. ಯಾರೂ ವಾಸ ಮಾಡದ ಮನೆಯ ಪೈಪನ್ನು ಯಾರೂ ಪರೀಕ್ಷೆ ಮಾಡಿರಲ್ಲ. ಬಿಲ್ಡರ್ ಕೊಟ್ಟ ವಾರಂಟಿ ಮುಗಿಯುವ ಒಂದು ತಿಂಗಳ ಮುಂಚೆ ಮತ್ತೊಮ್ಮೆ ಮಾಡಿಸಿದರೆ ರಿಪೇರಿ ಅವರ ಖರ್ಚಿನಲ್ಲೇ ಆಗುತ್ತದೆ.

ಪೂರ್ತಿ ದುಡ್ಡು ಕೊಡುವ ಹಿಂದಿನ ದಿನ ಕೊನೆಯ ಸಲ ಮನೆಗೆ ಹೋಗಿ. ಹಳಬರು ಸಾಮಾನು ಸಾಗಿಸಿರುತ್ತಾರೆ. ಎಲ್ಲ ನಲ್ಲಿ ತಿರುಗಿಸಿ, ಎಲ್ಲ ಸ್ವಿಚ್ ಹಾಕಿ ನೋಡಿ. ಆಮೇಲೆ ರಿಪೋರ್ಟಿನ ‘ನೋಡಲಾಗಲಿಲ್ಲ’ ಪುಟ ತೆಗೆದು, ಟಾರ್ಚ್ ಹಿಡಿದು, ಬೀರು ನಿಂತಿದ್ದ ಗೋಡೆಯ ಹತ್ತಿರ ಹೋಗಿ.